ಇಬ್ಬರು ಕೂರುವ ಮೇಜು

ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ತುಂಡುಗಳನ್ನೆಲ್ಲ ಒಂದು ಬದಿಗೆ ತಳ್ಳಿ, ಮಗಳು ಮೂರು ಹಡಗುಗಳನ್ನು ಸಾಲಾಗಿ ನಿಲ್ಲಿಸಿದಳು. ಹಡಗು ಎಂದರೆ ಪ್ರವಾಸದ ಕಚೇರಿಯವರು ಕೊಟ್ಟ ಪುಸ್ತಿಕೆಗಳು: ಒಂದು ನೀಲಿ, ಒಂದು ಬಿಳಿ, ಒಂದು ಕೆಂಪು. ಅಪ್ಪ ಅಮ್ಮನ ಮದುವೆಗೆ ಮೂವತ್ತು ವರ್ಷ ತುಂಬುವಾಗ ಇಬ್ಬರನ್ನೂ ಒಂದು ವಾರ ಸಮುದ್ರದ ಮೇಲೆ ಕಳಿಸಿಯೇ ಸಿದ್ಧ ಎಂದು ಅವಳು ಹಟ ಹಿಡಿದಿದ್ದಳು. ಯಾವ ಹಡಗು ಎಂದು ಸಂಜೆಯೊಳಗೆ ತಿಳಿಸಬೇಕಿತ್ತು. ಈ ಮೂರೂ ಕಂಪನಿಗಳ ಹಡಗುಗಳಲ್ಲಿ ಒಟ್ಟು ಇಪ್ಪತ್ತೆರಡು ವರ್ಷ ಅಡಿಗೆ ಮಾಡಿ ಹೋದ ವರ್ಷ ಮನೆ ಸೇರಿದ ಅಪ್ಪನಿರುವಾಗ, ಬೇರೆಯವರನ್ನು ಕೇಳುವುದೇಕೆ?

"ಹೇಳಪ್ಪಾ, ಈಜುಕೊಳ ಯಾವುದರಲ್ಲಿ ಚೆನ್ನಾಗಿದೆ?" ಮಗಳು ಗೆರೆ ಎಳೆದ ಹಾಳೆಯ ಮೇಲೆ ಪೆನ್ನಿಟ್ಟು ಕೇಳಿದಳು.

"ಎಲ್ಲದರಲ್ಲೂ ಇದೆಯಂತೆ. ಊಟಕ್ಕೆ ಬರೋರ ಕೂದಲು ಒದ್ದೆ ಇರುತ್ತೆ ಅಂತ ಬಡಿಸೋರು ಹೇಳ್ತಿದ್ರು."

"ನಾಟಕಶಾಲೆ?"

"ಅದು ಬಿಟ್ಟ ಕೂಡಲೇ ಎಂಟುನೂರು ಜನ ಒಟ್ಟಿಗೆ ಹಸಿದು ಬರ್ತಾರೆ. ನನಗೆ ಅಷ್ಟೇ ಗೊತ್ತು."

"ಇಪ್ಪತ್ತೆರಡು ವರ್ಷದಲ್ಲಿ ಸಮುದ್ರನಾದ್ರೂ ನೋಡಿದೀಯೋ ಇಲ್ವೋ?"

"ನೋಡದೆ ಏನು? ರಜಕ್ಕೆ ಅಂತ ಇಳಿಯೋವಾಗೆಲ್ಲ ನೋಡಿದೀನಿ."

ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ಅಂಚು ಮಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ, ತುಟಿಯಂಚಿನಲ್ಲೇ ನಕ್ಕಳು. ಊಟದ ಮಾತು ಬಂದದ್ದೇ ತಡ, ಗಂಡನಿಗೆ ಜೀವ ಬಂತು. ನೀಲಿ ಹಡಗಲ್ಲಿ ಹದಿನಾಲ್ಕು ಊಟದ ಮನೆ, ಆದರೆ ಒಳ್ಳೆಯದಕ್ಕೆಲ್ಲ ಬೇರೆ ಚೀಟಿ ತಗೋಬೇಕು. ಬಿಳಿಯದರಲ್ಲಿ ವಾರವಿಡೀ ಅದೇ ಮೇಜು, ಬಡಿಸೋನೂ ಅವನೇ. ಮೂರನೇ ದಿನಕ್ಕೆ ನಿಮಗೆ ಉಪ್ಪು ಎಷ್ಟು ಬೇಕೂಂತ ನಿಮಗಿಂತ ಚೆನ್ನಾಗಿ ಅವನಿಗೆ ಗೊತ್ತಿರುತ್ತೆ. ಕೆಂಪಲ್ಲಿ ಬೆಳಗಿನಿಂದ ರಾತ್ರಿವರೆಗೆ ತಟ್ಟೆ ಹಿಡಿದು ಬೇಕಾದ್ದು ಬಡಿಸಿಕೊಳ್ಳೋದು. ಸೂಪ್ ಮಾತ್ರ ಮೂರರ ಪೈಕಿ ಕೆಂಪಿನದೇ ಮೇಲು. ಇಷ್ಟನ್ನೂ ಅವನು ಹೇಳಿದ್ದು ನಿಂತುಕೊಂಡೇ, ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟು ಮಧ್ಯಾಹ್ನದ ಊಟ ಮುಗಿಸುತ್ತಾ.

ಹಡಗಿನ ಅಡಿಗೆಮನೆಯಲ್ಲಿ ಕುರ್ಚಿ ಇರುವುದಿಲ್ಲ. ಅಲ್ಲಿನವರು ಉಕ್ಕಿನ ಕಪಾಟಿನ ಅಂಚಿಗೆ ತಟ್ಟೆ ಆನಿಸಿ ಏಳು ನಿಮಿಷದಲ್ಲಿ ಉಂಡು ಮತ್ತೆ ಒಲೆಗೆ ಓಡುತ್ತಾರೆ. ಮನೆಗೆ ಬಂದು ವರ್ಷವಾದರೂ ಆ ಏಳು ನಿಮಿಷ ಅವನ ಮೈ ಬಿಟ್ಟಿರಲಿಲ್ಲ. ಹೆಂಡತಿ ಕುರ್ಚಿಗೆ ಮೆತ್ತೆ ಹೊಲಿದಳು, ಗದರಿದಳು, ಒಂದು ವಾರ ಮಾತು ಬಿಟ್ಟೂ ನೋಡಿದಳು. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗಾಯಿತು. ಅವಳು ಎರಡನೇ ತುತ್ತು ಬಾಯಿಗಿಡುವಷ್ಟರಲ್ಲಿ ಅವನು ತಟ್ಟೆ ತೊಳೆಯುತ್ತಿರುತ್ತಿದ್ದ. ಅವನು ಸಮುದ್ರದಲ್ಲಿದ್ದಾಗ ಒಬ್ಬಳೇ ಉಂಡದ್ದಕ್ಕೆ ಅವಳಿಗೆ ಅಷ್ಟು ಬೇಸರವಿರಲಿಲ್ಲ. ಮನೆಯಲ್ಲೇ ಇದ್ದಾಗಲೂ ಒಬ್ಬಳೇ ಉಣ್ಣುವುದು ಮಾತ್ರ ಅವಳಿಗೆ ಒಗ್ಗಿರಲಿಲ್ಲ.

ಅವಳು ಯಂತ್ರ ನಿಲ್ಲಿಸಿದಳು. "ಇಬ್ಬರೇ ಕೂರೋ ಮೇಜು ಯಾವ ಹಡಗಲ್ಲಿದೆ?"

ಮಗಳು ಹಾಳೆ ನೋಡಿಕೊಂಡಳು. ಅದರಲ್ಲಿ ಆ ಸಾಲೇ ಇರಲಿಲ್ಲ.

"ಕೆಂಪಲ್ಲಿ ಎಲ್ಲಿ ಬೇಕಾದ್ರೂ ಕೂತ್ಕೋಬಹುದು, ಯಾವಾಗ ಬೇಕಾದ್ರೂ ಏಳಬಹುದು," ಎಂದ ಗಂಡ.

"ಏಳಬಹುದು ಅನ್ನೋದಾದ್ರೆ ಅದು ಬೇಡ."

"ನೀಲಿಯಲ್ಲಿ ಎಂಟೆಂಟು ಜನದ ದುಂಡು ಮೇಜು. ಗುರುತಿಲ್ಲದವರ ಜೊತೆ ಹವಾಮಾನ ಮಾತಾಡ್ತಾ ಉಣ್ಣಬೇಕು. ಬಿಳಿಯಲ್ಲಿ ಇಬ್ಬರ ಮೇಜು ಹನ್ನೆರಡೋ ಏನೋ ಇವೆ. ಕಿಟಕಿ ಹತ್ತಿರದವು ವರ್ಷದ ಮುಂಚೆಯೇ ಹೋಗಿಬಿಡ್ತವೆ. ಉಳಿಯೋದು ನಲವತ್ತೊಂದನೇ ನಂಬರಿನ ಮೇಜು ಒಂದೇ. ಅಡಿಗೆಮನೆ ಬಾಗಿಲ ಪಕ್ಕದ್ದು. ಬಾಗಿಲು ತೆಗೆದಾಗೆಲ್ಲ ತಟ್ಟೆ ಸದ್ದು, ಹಬೆ, ಒಳಗಿನವರ ಬೈಗುಳ. ತಿಳಿದವರು ಯಾರೂ ಅಲ್ಲಿ ಕೂರಲ್ಲ."

"ಊಟ ಎಷ್ಟು ಹೊತ್ತು?"

"ಐದು ಬಗೆ, ಒಂದಾದ ಮೇಲೊಂದು ಬರುತ್ತೆ. ಒಂದೂವರೆ ಗಂಟೆ ಆಗುತ್ತೆ. ಮಧ್ಯೆ ಎದ್ದರೆ ಬಡಿಸೋನು ಬೇಜಾರು ಮಾಡ್ಕೋತಾನೆ."

"ನಲವತ್ತೊಂದು ಅಂತ ಬರಿ," ಎಂದಳು ಅಮ್ಮ ಮಗಳಿಗೆ.

"ಅಮ್ಮಾ, ಕಿಟಕಿ ಇಲ್ಲ, ಸಮುದ್ರ ಕಾಣಲ್ಲ, ಸದ್ದು ಬೇರೆ."

"ಒಂದೂವರೆ ಗಂಟೆ ಕಣೆ. ವಾರಕ್ಕೆ ಏಳು ಸಲ."

ಗಂಡ ಖಾಲಿ ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದ. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು ಅಂತಾರೆ."

"ಹೊನ್ನು ಯಾರು ಕೇಳಿದ್ರು? ಕೂತ್ಕೊಳ್ಳಿ ಅಂತಷ್ಟೇ ನಾನು ಹೇಳ್ತಿರೋದು."

ಅವನು ತಟ್ಟೆಯನ್ನು ಒಮ್ಮೆ ನೋಡಿದ, ಹೆಂಡತಿಯನ್ನು ಒಮ್ಮೆ ನೋಡಿದ. ತೊಳೆಯಲು ಹೋಗಲಿಲ್ಲ. ಮೆತ್ತೆ ಹಾಕಿದ್ದ ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಕೂತ. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು.

"ನಲವತ್ತೊಂದರಲ್ಲಿ ಒಂದು ಅನುಕೂಲ ಇದೆ. ಬಾಗಿಲಿಗೆ ದುಂಡಗೆ ಗಾಜು ಹಾಕಿದಾರೆ, ಕೂತಲ್ಲಿಂದ ಒಳಗೆಲ್ಲ ಕಾಣುತ್ತೆ. ನನ್ನ ಒಲೆ ಹತ್ತಿರ ಈಗ ಯಾರಿದಾನೋ ಏನೋ. ಉರಿ ಜಾಸ್ತಿ ಇಟ್ಟಿದ್ರೆ ಒಂದು ಮಾತು ಒಳಗೆ ಹೋಗಿ..."

ಮಗಳು ಪೆನ್ನು ಕೆಳಗಿಟ್ಟು ಅಮ್ಮನ ಮುಖ ನೋಡಿದಳು. ಅಮ್ಮ ಕೋಟಿನ ದಾರವನ್ನು ಹಲ್ಲಿನಲ್ಲಿ ಕಡಿದು, ಅಂಚನ್ನು ಬೆರಳಿನಿಂದ ತೀಡಿದಳು.

"ಬಾಗಿಲಿಗೆ ಬೆನ್ನು ಹಾಕಿರೋ ಕುರ್ಚಿ ನಿಮ್ಮದು," ಎಂದಳು. "ಒಳಗೆ ಏನಾಗ್ತಿದೆ ಅಂತ ನಾನು ನೋಡಿ ಹೇಳ್ತೀನಿ."