ಮೊದಲ ದಿನದ ಉಡಿ

ಗಂಡನನ್ನು ಬಿಟ್ಟು ತವರಿಗೆ ಬಂದಾಗಿನಿಂದ ಶಿವಲೀಲಾಳಿಗೆ ಓಣಿಯವರದು ಒಂದೇ ಪ್ರಶ್ನೆ: "ಯಾವತ್ತ ಹೊಂಟಿ ತಂಗಿ, ಗಂಡನ ಮನೀಗೆ?"

ಇವತ್ತು ಪಕ್ಕದೂರಿನ ದವಾಖಾನೆಯಲ್ಲಿ ನರ್ಸ್ ಕೆಲಸದ ಮೊದಲ ದಿನ. ಬಸ್ಸು ತಪ್ಪೀತೆಂದು ಅವಳು ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದಳು. ಅವ್ವ ಅವಳನ್ನು ಬೀದಿಬಾಗಿಲಲ್ಲೇ ತಡೆದು, ಸೆರಗೊಡ್ಡಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬತೊಡಗಿದಳು. ಎದುರು ಕಟ್ಟೆಯ ಹೆಂಗಸರು ಕತ್ತೆತ್ತಿ ನೋಡಿದರು.

"ಯವ್ವಾ, ಇದು ಮಗಳನ್ನ ಗಂಡನ ಮನೀಗೆ ಕಳಸುವಾಗ ಮಾಡೂದು. ನಾ ನೌಕರಿಗೆ ಹೊಂಟೀನಿ, ಸಂಜೀಕ ಬರ್ತೀನಿ!" ಶಿವಲೀಲಾ ಅವ್ವನಿಗಷ್ಟೇ ಕೇಳುವಂತೆ ಗೊಣಗಿದಳು.

"ಗೊತ್ತೈತಿ." ಅವ್ವ ಅವಳ ಹಣೆಗೆ ಕುಂಕುಮ ಹಚ್ಚುತ್ತ ದನಿ ಇಳಿಸಿದಳು. "ಬರೂವಾಗ ಹಿತ್ತಲ ಬಾಗ್ಲಿಂದ ಬಾ."