ಭುಜದ ಮೇಲಿನ ಗುಂಡಿ

ಮಗಳ ಜಡೆ ಅರ್ಧ ಹೆಣೆದಿರುವಾಗಲೇ ತಾಯಿಯ ಫೋನು ರಿಂಗಾಯಿತು. ಕೈ ಬಿಡುವಿಲ್ಲದ್ದರಿಂದ ಅವಳು ಸ್ಪೀಕರ್ ಒತ್ತಿದಳು. ಫ್ಯಾಷನ್ ಪತ್ರಿಕೆಯವನ ದನಿ ಅಡುಗೆಮನೆಯವರೆಗೂ ಕೇಳಿಸಿತು. “ಮೇಡಂ, ನೋಡ್ತಾ ನೋಡ್ತಾ ಎಷ್ಟು ದೊಡ್ಡ ಬ್ರ್ಯಾಂಡ್ ಮಾಡ್ಬಿಟ್ರಿ! ನಿಮ್ಮ ಬಟ್ಟೆಗಳು ಮನೇಲಿ ಹಾಕ್ಕೊಳ್ಳೋ ಅಂಗಿ ಥರ ಸಡಿಲ, ಆದ್ರೂ ಅಷ್ಟು ದುಡ್ಡು ಕೊಟ್ಟು ಜನ ಮುಗಿಬೀಳ್ತಾರೆ. ಭುಜದ ಮೇಲೆ ಗುಂಡಿ ಇಡೋದು ನಿಮಗೆ ಹೇಗೆ ಹೊಳೀತು?”

“ಸುಮ್ನೆ ಕೂತಿದ್ದಾಗ ಹೊಳೀತು, ಅಷ್ಟೆ,” ಎಂದಳು. ಹೇಳಿ ಹೇಳಿ ರೂಢಿಯಾದ ಮಾತು, ನಾಲಿಗೆ ತಡವರಿಸಲಿಲ್ಲ.

ಫೋನಿಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಅವಳ ಅಕ್ಕ, ಮಗುವಿನ ಊಟದ ಡಬ್ಬಿಯೊಂದಿಗೆ ನಿಂತಿದ್ದಳು. ಬಲಗೈ ಮೇಲೆತ್ತಲಾಗದ ಅಕ್ಕ, ಸುಲಭವಾಗಿ ತೊಡಲೆಂದು ತನಗಾಗಿ ತಾನೇ ಎಂದೋ ಹೊಲಿದುಕೊಂಡಿದ್ದ ಹಳೆಯ ಅಂಗಿ ತೊಟ್ಟಿದ್ದಳು. ಡಬ್ಬಿ ಕೆಳಗಿಟ್ಟು, ಭುಜದ ಮೇಲೆ ಬಿಚ್ಚಿಕೊಂಡಿದ್ದ ಗುಂಡಿಯನ್ನು ಎಡಗೈಯಿಂದ ಮೆಲ್ಲಗೆ ಹಾಕಿಕೊಂಡಳು. “ಏನೇ, ಸಂಜೆವರೆಗೂ ಒಂದೇ ಜಡೆ ಹೆಣೀತೀಯಾ? ಬಸ್ ಹೋಗುತ್ತೆ,” ಎಂದು ನಕ್ಕು ಒಳಗೆ ಹೋದಳು.

ತಾಯಿ ಹೆಣೆದಷ್ಟು ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು. ಟಿ.ವಿ.ಯಲ್ಲಿ ಅಮ್ಮ ಹೀಗೆ ಹೇಳಿದಾಗಲೆಲ್ಲ ಸುಮ್ಮನಿರುತ್ತಿದ್ದ ಮಗಳು ಇವತ್ತು ತಿರುಗಿ ಕುಳಿತಳು.

“ಅಮ್ಮಾ, ಅದು ದೊಡ್ಡಮ್ಮ ಹೊಲಿದಿದ್ದು ಅಂತ ನೀನು ಯಾಕೆ ಯಾರಿಗೂ ಹೇಳಲ್ಲ?”