ಬಾಗಿಲಲ್ಲಿ ನಿಂತ ಹುಡುಗಿ

ಪ್ರಾಂಶುಪಾಲೆ ಸಿಸ್ಟರ್ ಎಮಿಲ್ಡಾ ಆ ವಾರವಿಡೀ ಭಾಷಣವೊಂದರ ತಯಾರಿಯಲ್ಲಿದ್ದರು. ಮಕ್ಕಳ ಜೊತೆಗಿರುವುದೇ ನಮ್ಮ ದೊಡ್ಡ ಪ್ರಾರ್ಥನೆ ಎಂದು ಬೇರೆ ಕಾಲೇಜುಗಳ ಅಧ್ಯಾಪಕರಿಗೆ ಅವರು ತಿಳಿಹೇಳಬೇಕಿತ್ತು.

ಒಂದು ಸಂಜೆ ಕಾಲೇಜು ಬಿಟ್ಟ ಮೇಲೆ ಪಿಯುಸಿಯ ಲವೀನಾ ಅವರ ಕೋಣೆಯ ಬಾಗಿಲಲ್ಲಿ ನಿಂತಳು.

"ಸಿಸ್ಟರ್, ಒಂಚೂರು ಮಾತಾಡ್ಬೇಕಿತ್ತು."

"ಇವತ್ತು ಕೆಲಸ ಇದೆ ಮಗಾ, ನಾಳೆ ಬಾ."

ಮರುದಿನವೂ ಬಂದಳು. ಅದೇ ಉತ್ತರ ಸಿಕ್ಕಿತು. ಅದರ ಮರುದಿನ ಸಿಸ್ಟರ್ ತಲೆ ಎತ್ತದೆಯೇ ಕೈಸನ್ನೆ ಮಾಡಿ ಕಳಿಸಿಬಿಟ್ಟರು. ಆಮೇಲೆ ಅವಳು ಬರಲಿಲ್ಲ.

ಭಾಷಣ ಮುಗಿದಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿಸ್ಟರ್ ಮರಳಿ ಬರುತ್ತಿರುವಾಗಲೇ ಫೋನ್ ಬಂತು. ಲವೀನಾ ತಾನಾಗಿಯೇ ಜೀವ ಕಳೆದುಕೊಂಡಿದ್ದಳು.

ಸಿಸ್ಟರ್ ನೇರವಾಗಿ ಅವಳ ಮನೆಗೆ ಬಂದರು. ತಾಯಿ ಏನೆಂದು ಬೈದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕೆಂದು ಎದೆ ಗಟ್ಟಿ ಮಾಡಿಕೊಂಡು ಒಳಗೆ ಹೋದರು.

ತಾಯಿ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ನಂಗೇನೂ ಹೇಳ್ತಿರ್ಲಿಲ್ಲ ಸಿಸ್ಟರ್. ಯಾಕೆ ತಡ ಅಂತ ಕೇಳಿದ್ರೆ, 'ಸಿಸ್ಟರ್ ಹತ್ರ ಎಲ್ಲಾ ಹೇಳ್ಕೊಂಡೆ ಅಮ್ಮಾ, ಈಗ ಹಗುರ ಆಯ್ತು' ಅಂತಿದ್ಲು. ಅವಳು ಏನು ಹೇಳಿದ್ಲು? ನೀವಾದ್ರೂ ನಂಗೆ ಹೇಳಿ."